ಮಾಳಿಗೆಯ ಮಣ್ಣು

ಬಸವನ ಬಾಗೇವಾಡಿ
೧ ಮಾರ್ಚ್ ೨೦೨೪

ಹೊರ್ತಿಯ ಬೀಗತಿ ಗುರುಬಾಯಿಯವರಿಗೆ ಹುಲಿಗೆವ್ವನ ನಮಸ್ಕಾರ.

ಮಗಳು ಸೌಂದರ್ಯಾಳ ಕುಬುಸದ ದಿನ ನೀವು ನಮ್ಮ ಬಾಗಿಲಲ್ಲಿ ಬಿಟ್ಟು ಹೋದ ಚಪ್ಪಲಿಯನ್ನು ಅಳಿಯಂದಿರ ಕೈಯಲ್ಲಿ ಕಳಿಸಿದ್ದೇನೆ. ಒರೆಸಿ, ಹಾಳೆಯಲ್ಲಿ ಸುತ್ತಿ ಕೊಟ್ಟಿದ್ದೇನೆ. ಅವರ ಇಂಡಿ–ಮುದ್ದೇಬಿಹಾಳ ಬಸ್ಸು ಇಲ್ಲಿ ನಿಂತಾಗ, ಅತ್ತೆಯಾದವಳು ಡ್ರೈವರ್ ಅಳಿಯನ ಕೈಗೆ ಚಪ್ಪಲಿ ಕೊಡುವುದನ್ನು ನೋಡಿ ಸ್ಟ್ಯಾಂಡಿನ ಜನ ನಕ್ಕರು. ನಗಲಿ. ಬರಿಗಾಲಲ್ಲಿ ಹೊರ್ತಿಯ ತನಕ ಹೋದವರು ನೀವು, ನಾನಲ್ಲ.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ನನ್ನ ಕಿವಿಯ ಸಂಗತಿ ನಿಮಗೆ ಗೊತ್ತು. ಸೌಂದರ್ಯಾ ಹುಟ್ಟಿದ ವರ್ಷ ಬಂದ ಜ್ವರ ಎರಡನ್ನೂ ಒಯ್ದಿತು. ನಡುವೆ ಇನ್ನೊಬ್ಬರನ್ನು ಇಟ್ಟುಕೊಂಡು ಮಾತಾಡಿದರೆ ನನ್ನ ಮಾತು ಅವರ ಬಾಯಲ್ಲಿ ಮೆತ್ತಗಾಗುತ್ತದೆ. ಇದು ಮೆತ್ತಗೆ ಹೇಳುವ ಮಾತಲ್ಲ.

ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಪಡಸಾಲೆಯಲ್ಲಿ ಎಲ್ಲರೂ ಉಣ್ಣಲು ಕೂತಿದ್ದರು. ನಿಮ್ಮ ತಾಟಿಗೆ ಇನ್ನೊಂದು ಹೋಳಿಗೆ ನೀಡಿ, ತುಪ್ಪದ ಬಟ್ಟಲು ತರಲು ತಿರುಗಿದೆ. ಮತ್ತೆ ಈ ಕಡೆ ನೋಡುವಷ್ಟರಲ್ಲಿ ನೀವು ಎದ್ದಿದ್ದಿರಿ. ಎಂಜಲುಗೈಯಲ್ಲೇ ನನ್ನ ಮಗಳ ರಟ್ಟೆ ಹಿಡಿದು, ಹಸಿರು ಸೀರೆ ಉಟ್ಟ ಬಸುರಿಯನ್ನು ದರದರ ಎಳೆದುಕೊಂಡು ಓಣಿಗೆ ನಡೆದಿರಿ. ನಮ್ಮ ಮಂದಿ ಯಾರೂ ಕೂತಲ್ಲಿಂದ ಕದಲಲಿಲ್ಲ. ಎಲ್ಲರೂ ನನ್ನ ಮೋರೆ ನೋಡಿದರು. ನನ್ನ ಅಡುಗೆಯಲ್ಲಿ ಹುಳ ಬಿದ್ದಿತ್ತೇನೋ ಅಂದುಕೊಂಡೆ.

ಆಮೇಲೆ ಮೈದುನ ಭೀಮು ಕೈಸನ್ನೆ ಮಾಡಿ ತಿಳಿಸಿದ, ನೆಲ ಗುಡುಗಿತು ಎಂದು. ಗುಡುಗಿದರೆ ಗುಡುಗಲಿ. ನಾಲ್ಕೈದು ವರ್ಷದಿಂದ ನಮ್ಮ ನೆಲ ಆಗಾಗ ಗುಡುಗುತ್ತದೆ. ಮೊದಲ ಸಲ ಊರೆಲ್ಲ ಬಯಲಲ್ಲಿ ಹಾಸಿಕೊಂಡು ಮಲಗಿತ್ತು. ಅಧಿಕಾರಿಗಳು ಬಂದು, ಯಂತ್ರ ಇಟ್ಟು, ಸಣ್ಣದು, ಅಂಜಬೇಡಿ ಎಂದು ಹೇಳಿ ಹೋದರು. ಈಗ ಓಣಿಯ ಹುಡುಗರು ‘ಭೂಮವ್ವ ತೇಗಿದ್ಲು’ ಎಂದು ನಗುತ್ತಾರೆ. ನನಗಂತೂ ಕೇಳುವುದೇ ಇಲ್ಲ. ಹಂಡೆಯ ನೀರಿನಲ್ಲಿ ತೆರೆ ಎದ್ದದ್ದು ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಗುಡುಗಿ ನಿಂತ ಮೇಲಾದರೂ ನೀವು ಒಳಗೆ ಬರಬಹುದಿತ್ತು. ಓಣಿಯಲ್ಲೇ ನಿಂತು ಬಸ್ಸಿನ ಹೊತ್ತಾಯಿತು ಎಂದು ಕೈಸನ್ನೆ ಮಾಡಿದಿರಿ. ನಾನು ತುಪ್ಪದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತೇ ಇದ್ದೆ. ಆ ಅರ್ಧ ಉಂಡ ತಾಟು ಎತ್ತುವಾಗ ನನಗೆ ಅಳು ಬಂತು, ಬೀಗತಿ.

ಹುಲಿಗೆವ್ವ


ಹೊರ್ತಿ
೯ ಮಾರ್ಚ್ ೨೦೨೪

ಬೀಗತಿ ಹುಲಿಗೆವ್ವನವರಿಗೆ ಗುರುಬಾಯಿಯ ನಮಸ್ಕಾರ.

ಚಪ್ಪಲಿ ಮುಟ್ಟಿದವು. ನಿಮ್ಮ ಪತ್ರವೂ ಮುಟ್ಟಿತು, ಚಪ್ಪಲಿಗಿಂತ ಜೋರಾಗಿ. ನನ್ನಿಂದ ತಪ್ಪಾಯಿತು. ಹೋಳಿಗೆಯಲ್ಲಿ ಏನೂ ಕೊರತೆ ಇರಲಿಲ್ಲ. ಅಂದು ನನಗೆ ಪಿತ್ತ ಏರಿ ತಲೆ ಸುತ್ತು ಬಂದಿತ್ತು. ಇಷ್ಟೇ.

ಈಗ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಸೌಂದರ್ಯಾಳ ಬಾಣಂತನ ಹೊರ್ತಿಯಲ್ಲೇ ಆಗಲಿ. ಚೊಚ್ಚಲು ತವರಿನಲ್ಲಿ ಆಗಬೇಕೆಂಬುದು ನನಗೂ ಗೊತ್ತು. ಆದರೆ ಇಂಡಿಯ ಡಾಕ್ಟರಮ್ಮ ಮೊದಲಿನಿಂದ ಅವಳನ್ನು ನೋಡಿದ್ದಾಳೆ. ನಮ್ಮದು ಸ್ಲ್ಯಾಬಿನ ಮನೆ, ಹಿಂದೆಯೇ ನಿಂಬೆಯ ತೋಟ, ಗಾಳಿ ಚೆನ್ನಾಗಿದೆ. ಬಿಸಿನೀರಿಗೆ, ಹಾಲಿಗೆ ಕಡಿಮೆ ಇಲ್ಲ. ನೀವೂ ಬಂದು ಎಷ್ಟು ತಿಂಗಳು ಬೇಕಾದರೂ ಇರಿ. ಎರೆಯುವವರು ನೀವೇ, ಕಟ್ಟುವವರು ನೀವೇ. ನಾನು ಒಲೆಯ ಮುಂದೆ ಇರುತ್ತೇನೆ, ನಿಮ್ಮ ಕೆಲಸಕ್ಕೆ ಕೈ ಹಾಕುವುದಿಲ್ಲ.

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ಒಪ್ಪಿಕೊಳ್ಳಿ.

ಗುರುಬಾಯಿ


ಬಸವನ ಬಾಗೇವಾಡಿ
೧೮ ಮಾರ್ಚ್ ೨೦೨೪

ಬೀಗತಿಯವರಿಗೆ ನಮಸ್ಕಾರ.

ಸುತ್ತಿ ಬಳಸಿ ಮಾತಾಡುವವಳಲ್ಲ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸುತ್ತು. ನಾನು ಬಿಚ್ಚಿ ಹೇಳಲೇ? ನಮ್ಮ ಸೂರು ಮಣ್ಣಿನ ಮಾಳಿಗೆ, ನಿಮ್ಮದು ಸ್ಲ್ಯಾಬು. ನಿಮ್ಮ ಮೊಮ್ಮಗು ಮಣ್ಣಿನ ಮನೆಯಲ್ಲಿ ಕಣ್ಣು ಬಿಡುವುದು ನಿಮಗೆ ಬೇಡ.

ಈ ಮಾಳಿಗೆಯ ಕೆಳಗೆ ನನ್ನ ಮಾವ ಹುಟ್ಟಿದರು, ಗಂಡ ಹುಟ್ಟಿದರು, ಸೌಂದರ್ಯಾ ಹುಟ್ಟಿದಳು. ಬೇಸಿಗೆಯಲ್ಲಿ ಒಳಗೆ ಬಂದರೆ ಗುಡಿಗೆ ಬಂದಷ್ಟು ತಂಪು. ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಸವಳು ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತೇವೆ. ಓಣಿಯ ಮಂದಿ ನಿಚ್ಚಣಿಕೆಯ ಮೇಲೆ ಸಾಲಾಗಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಇವತ್ತು ನಮ್ಮ ಮನೆ, ನಾಳೆ ಅವರ ಮನೆ. ನಮ್ಮ ಯಜಮಾನರು ಚಂದ್ರಾಮ ಇರುವ ತನಕ ಮೊದಲ ಬುಟ್ಟಿ ಅವರದು. ಅವರು ಹೋದ ಮೇಲೆ ನನ್ನದು. ಹಾಗೆ ಹಾಕಿ ಹಾಕಿ ನಮ್ಮ ಮಾಳಿಗೆ ಓಣಿಯಲ್ಲೇ ದಪ್ಪಗಿದೆ. ಒಂದು ಮಳೆಗಾಲದಲ್ಲೂ ನಮ್ಮ ಒಲೆಯ ಮೇಲೆ ಹನಿ ಬಿದ್ದಿಲ್ಲ.

ಈ ವರ್ಷ ಇನ್ನೂ ಬೇಗ ಹಾಕಿಸುತ್ತಿದ್ದೇನೆ. ಅದೂ ಯಾವಾಗಲಿನ ಎರಡು ಗಾಡಿಯಲ್ಲ, ನಾಲ್ಕು ಗಾಡಿ ಮಣ್ಣು. ನನ್ನ ಬಾಣಂತಿಯ ಮೇಲೆ, ಕೂಸಿನ ಮೇಲೆ ಒಂದು ಹನಿ ಬೀಳಬಾರದು. ನಿಮ್ಮ ಸ್ಲ್ಯಾಬಾದರೂ ಎಲ್ಲೋ ಒಂದು ಕಡೆ ಸೋರಬಹುದು, ನನ್ನ ಮನೆ ಸೋರುವುದಿಲ್ಲ.

ಅಡುಗೆಯ ಖಾರ, ಅಂಟಿನುಂಡೆಯ ಕೊಬ್ಬರಿ ಎಲ್ಲ ತಂದಿಟ್ಟಿದ್ದೇನೆ. ಒಂಬತ್ತು ತುಂಬಿದ ಕೂಡಲೇ ಕರೆಯಲು ಬರುತ್ತೇನೆ.

ಹುಲಿಗೆವ್ವ


ಹೊರ್ತಿ
೨೨ ಮಾರ್ಚ್ ೨೦೨೪

ಹುಲಿಗೆವ್ವನವರೇ,

ಮಣ್ಣು ಹಾಕಿಸಬೇಡಿ. ನಿಮ್ಮ ಕಾಲು ಹಿಡಿಯುತ್ತೇನೆ. ಮನೆಯ ಬಗ್ಗೆ ನನಗೆ ತಾತ್ಸಾರ ಇಲ್ಲ. ಯಾಕೆ ಎಂದು ಕೇಳಬೇಡಿ, ಬಸುರಿಯ ತವರಿಗೆ ಬರೆಯುವ ಮಾತಲ್ಲ ಅದು. ಒಂದು ಬುಟ್ಟಿಯನ್ನೂ ಏರಿಸಬೇಡಿ.

ಗುರುಬಾಯಿ


ಬಸವನ ಬಾಗೇವಾಡಿ
೩೦ ಮಾರ್ಚ್ ೨೦೨೪

ಬೀಗತಿಯವರಿಗೆ,

ನಿಮ್ಮ ಪತ್ರ ಬರುವ ಹಿಂದಿನ ದಿನವೇ ಮಣ್ಣು ಮೇಲೇರಿತ್ತು. ನಾಲ್ಕು ಗಾಡಿಯೂ ಹೋಯಿತು. ಓಣಿಯವರಿಗೆಲ್ಲ ಶೇಂಗಾ ಹೋಳಿಗೆ ಮಾಡಿ ಹಾಕಿದೆ.

ಕಾಲು ಹಿಡಿಯುತ್ತೇನೆ ಎಂದು ಬರೆದಿದ್ದೀರಿ. ವಯಸ್ಸಿನಲ್ಲಿ ದೊಡ್ಡವರು, ಗಂಡಿನ ಕಡೆಯವರು, ಅಂಥ ಮಾತು ಬರೆಯುವವರಲ್ಲ. ಅದನ್ನು ಓದಿದ ಮೇಲೆ ನನಗೆ ಸಿಟ್ಟು ಮಾಡಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ. ಬಾಯಿಬಿಟ್ಟು ಹೇಳದವರ ಮಾತು ನನ್ನಂಥ ಕಿವುಡಿಗೆ ಹೇಗೆ ತಿಳಿಯಬೇಕು? ನನಗೆ ಓದಲು ಬರುತ್ತದೆ. ಬರೆಯಿರಿ. ಕೆಟ್ಟದ್ದಾದರೂ ಬರೆಯಿರಿ. ಸೌಂದರ್ಯಾಳಿಗೆ ತೋರಿಸುವುದಿಲ್ಲ.

ಹುಲಿಗೆವ್ವ


ಹೊರ್ತಿ
೯ ಏಪ್ರಿಲ್ ೨೦೨೪, ಯುಗಾದಿ

ಹುಲಿಗೆವ್ವನವರೇ,

ಹಬ್ಬದ ದಿನ ಇದನ್ನು ಬರೆಯುತ್ತಿದ್ದೇನೆ, ದೇವರು ಕ್ಷಮಿಸಲಿ. ಮಗ ಡ್ಯೂಟಿಗೆ ಹೋಗಿದ್ದಾನೆ, ಸೊಸೆ ಬೇವು–ಬೆಲ್ಲ ತಿಂದು ಮಲಗಿದ್ದಾಳೆ. ಓದಿದ ಮೇಲೆ ಒಲೆಗೆ ಹಾಕಿ.

ನನ್ನ ತವರು ಯಾವ ಊರು ಎಂದು ಮದುವೆಯ ಮಾತುಕತೆಯಲ್ಲಿ ನೀವು ಕೇಳಿದಾಗ, ಸೊಲ್ಲಾಪುರದ ಕಡೆ ಎಂದು ತೇಲಿಸಿದ್ದೆ. ಉಮರ್ಗಾ ದಾಟಿ ಒಳಗೆ ಹೋದರೆ ಬರುವ ಒಂದು ಹಳ್ಳಿ. ಈಗ ಆ ಜಾಗದಲ್ಲಿ ಜಾಲಿ ಬೆಳೆದಿದೆ. ಊರನ್ನು ಬೇರೆ ಕಡೆ ಕಟ್ಟಿದ್ದಾರೆ, ಅಲ್ಲಿ ನನ್ನವರು ಯಾರೂ ಇಲ್ಲ.

ಕಿಲ್ಲಾರಿಯ ಭೂಕಂಪ ಎಂದು ನೀವೂ ಕೇಳಿರುತ್ತೀರಿ. ನನಗೆ ಮದುವೆಯಾಗಿ ಹೊರ್ತಿಗೆ ಬಂದು ಎರಡು ವರ್ಷವಾಗಿತ್ತು. ನನ್ನ ತಂಗಿ ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಹುಟ್ಟಿತ್ತು. ಹೆಸರು ಇಟ್ಟಿರಲಿಲ್ಲ. ಗಣಪತಿ ಕಳಿಸಿದ ಮಾರನೆಯ ನಸುಕಿನಲ್ಲಿ ನೆಲ ಅಲುಗಿತು. ನಾನು ಇಲ್ಲಿ, ಹೊರ್ತಿಯಲ್ಲಿ, ಹೊರಸು ಅಲುಗಿದ್ದಕ್ಕೆ ಎಚ್ಚರಾಗಿ, ಬೆಕ್ಕು ಹಾರಿತೇನೋ ಎಂದು ಮತ್ತೆ ಮಲಗಿದೆ.

ಅಪ್ಪ ಹೊಲದಲ್ಲಿ ಮಲಗಿದ್ದರು, ಅದಕ್ಕೇ ಉಳಿದರು. ನಾನು ಹೋದಾಗ ಮನೆ ಇದ್ದ ಜಾಗದಲ್ಲಿ ಕೂತಿದ್ದರು. ಗೋಡೆ ಬಿದ್ದು ಸತ್ತವರು ಕಡಿಮೆ, ಬೀಗತಿ. ಮಾಳಿಗೆಯ ಮಣ್ಣು ಮೇಲೆ ಬಂದು ಉಸಿರು ಕಟ್ಟಿ ಸತ್ತವರೇ ಹೆಚ್ಚು. ಅವ್ವನನ್ನು, ಕಸ್ತೂರಿಯನ್ನು ತೆಗೆದಾಗ ಮೈಮೇಲೆ ಒಂದು ಗಾಯ ಇರಲಿಲ್ಲವಂತೆ. ಕೂಸು ಅವಳ ಎದೆಗೆ ಕಚ್ಚಿಕೊಂಡೇ ಇತ್ತಂತೆ. ನನಗೆ ನೋಡಲು ಬಿಡಲಿಲ್ಲ.

ಅಪ್ಪ ಇನ್ನೂ ಕೆಲವು ವರ್ಷ ಬದುಕಿದ್ದರು, ನಮ್ಮ ಮನೆಯಲ್ಲೇ. ಊಟಕ್ಕೆ ಕೂತಾಗಲೆಲ್ಲ ಒಂದೇ ಮಾತು: “ಬಾಣಂತಿ ಮ್ಯಾಲೆ ಹನಿ ಬೀಳಬಾರ್ದಂತ ಆ ವರ್ಷ ಎರಡ ಗಾಡಿ ಹೆಚ್ಚಿಗಿ ಹಾಕಿಸಿದ್ನೆವ್ವಾ. ನಾನ ಹಾಕಿಸಿದ್ನಿ.” ನೀವು ಪತ್ರದಲ್ಲಿ ಅದೇ ಮಾತು ಬರೆದಿರಿ. ಅಕ್ಷರ ಅಕ್ಷರ ಅದೇ ಮಾತು.

ಅಂದಿನಿಂದ ಯಾರ ಮನೆಗೆ ಹೋದರೂ ನಾನು ಮೊದಲು ಮೇಲೆ ನೋಡುತ್ತೇನೆ. ಹೆಣ್ಣು ನೋಡಲು ನಿಮ್ಮ ಮನೆಗೆ ಬಂದಾಗಲೂ ನೋಡಿದೆ. ಆಮೇಲೆ ಸೌಂದರ್ಯಾ ನೀರು ತಂದು ಕೊಟ್ಟಳು. ಅವಳ ಮೋರೆ ನೋಡಿ ಬಾಯಿ ಮುಚ್ಚಿಕೊಂಡೆ. ಕುಬುಸದ ದಿನ ಎದ್ದು ಓಡಿದ್ದು ನನ್ನ ಕಾಲು, ನಾನಲ್ಲ. ಓಣಿಯಲ್ಲಿ ನಿಂತ ಮೇಲೆ ನಾಚಿಕೆಯಾಯಿತು, ಆದರೂ ಒಳಗೆ ಕಾಲಿಡಲು ಆಗಲಿಲ್ಲ.

ನಿಮ್ಮ ನೆಲ ಇನ್ನು ನೂರು ವರ್ಷ ಬರೀ ತೇಗಿಯೇ ಸುಮ್ಮನಾಗಬಹುದು. ನನಗೆ ತಿಳಿಯದು. ತಿಳಿದವರೂ ಯಾರಿಲ್ಲ.

ಗುರುಬಾಯಿ


ಬಸವನ ಬಾಗೇವಾಡಿ
೨೫ ಏಪ್ರಿಲ್ ೨೦೨೪

ಗುರುಬಾಯಿಯವರಿಗೆ,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಕಣ್ಣು ಮೇಲೆ ಹೋಗುತ್ತಿತ್ತು. ಇಷ್ಟು ವರ್ಷ ಜಂತಿಯ ಕೆಳಗೆ ಮಲಗಿದ್ದೇನೆ, ಜಂತಿಯ ಮೇಲೆ ಏನಿದೆ ಎಂದು ನೋಡಿರಲಿಲ್ಲ. ನಿಮ್ಮ ಪತ್ರ ಒಲೆಗೆ ಹಾಕಿದೆ. ಹಾಕಿದರೆ ಏನು, ಮನಸ್ಸಿನಲ್ಲಿ ಅಚ್ಚಾಗಿದೆ.

ಒಂದು ದಿನ ಹಾರೆ ತೆಗೆದುಕೊಂಡು ಮಾಳಿಗೆ ಹತ್ತಿದೆ. ಒಂದು ಮೂಲೆಯಲ್ಲಿ ಅಗೆದು ಕೈ ಹಾಕಿದೆ. ಮೊಳಕೈ ದಾಟಿದರೂ ಕೆಳಗಿನ ಹಲಗೆ ಸಿಗಲಿಲ್ಲ. ಅಗೆದ ಕಡೆ ಪದರ ಪದರ ಕಾಣಿಸಿತು. ಮೇಲಿನದು ನನ್ನದು, ಅದರ ಕೆಳಗೆ ಯಜಮಾನರದು, ಅದರ ಕೆಳಗೆ ಮಾವನವರದು. ಎಲ್ಲರೂ ಮನೆ ಕಾಯಲು ಹಾಕಿದ್ದು. ಯಾರೂ ಹಳೆಯದನ್ನು ತೆಗೆದಿರಲಿಲ್ಲ.

ಗೌಂಡಿ ಹಾಜಿಮಲಂಗನನ್ನು ಕರೆಸಿದೆ. ಅವನೂ ಅವನ ಅಪ್ಪನೂ ಈ ಓಣಿಯ ಮನೆಗಳನ್ನೆಲ್ಲ ತಿದ್ದಿದವರು. ಅವನು ಕಂಬ ತಟ್ಟಿ ನೋಡಿ ಪಾಟಿಯ ಮೇಲೆ ಬರೆದು ತೋರಿಸಿದ: “ಸಾಗವಾನಿ ಕಂಬ ಐತ್ರಿ. ಏನೂ ಆಗೂದಿಲ್ಲ. ತಗದ್ರ ಮಳಿಗಾಲಕ್ಕ ಫಜೀತಿ ಆಕ್ಕೈತಿ.” ಆದರೂ ನೀವು ಹೇಳಿದರೆ ಇಳಿಸುತ್ತೇನೆ, ತಗಡು ಹಾಕೋಣ ಎಂದೂ ಬರೆದ.

ಭೀಮುವಿಗೆ ಹೇಳಿದೆ. ನಮ್ಮಿಬ್ಬರ ಮನೆಗೂ ನಡುಗೋಡೆ ಒಂದೇ. ಸಿಂದಗಿ ಪೇಟೆಗೆ ತೊಗರಿ ಒಯ್ದು ಆಗಷ್ಟೇ ಬಂದಿದ್ದ. ತಾಟಿನ ಮುಂದಿನಿಂದ ಎದ್ದ. ಅವನ ಬಾಯಿ ನೋಡಿದರೇ ನನಗೆ ತಿಳಿಯಿತು: “ವೈನಿ, ತಲಿ ನೆಟ್ಟಗೈತೇನ್ ನಿನಗ? ಬಸುರಿ ಹೆಣ್ಮಗಳು ಬರೂ ಹೊತ್ತಿನ್ಯಾಗ ಮನಿ ಮುರೀತಾರೇನ?”

ಅವನು ಹೇಳಿದ್ದು ಸುಳ್ಳಲ್ಲ. ಬಸುರಿ ಇದ್ದಾಗ ಮನೆ ಬಿಚ್ಚಬಾರದು, ಕಟ್ಟಬಾರದು. ಮಣ್ಣು ಏರಿಸಿದರೆ ಮನೆ ಕಾದ ಹಾಗೆ. ಇಳಿಸಿದರೆ ಮುರಿದ ಹಾಗೆ. ನಮ್ಮ ಓಣಿಯಲ್ಲಿ ಮಣ್ಣು ಇಳಿಸಿದ್ದು ವಂಶ ಇಲ್ಲದೆ ಹಾಳುಬಿದ್ದ ಮನೆಗೆ ಮಾತ್ರ.

ಈಗ ನನ್ನ ಮುಂದೆ ಎರಡು ಅಂಜಿಕೆ ನಿಂತಿವೆ. ಒಂದು ನಿಮ್ಮದು, ಒಂದು ನಮ್ಮದು. ಮಣ್ಣು ಹಾಗೇ ಬಿಟ್ಟು ನೆಲ ಅಲುಗಿದರೆ, ಅದು ದೇವರು ಮಾಡಿದ್ದು ಎನ್ನುತ್ತಾರೆ, ನನ್ನನ್ನು ಯಾರೂ ಬಯ್ಯುವುದಿಲ್ಲ. ಮಣ್ಣು ಇಳಿಸಿ ಕೂಸಿಗೆ ಏನಾದರೂ ಆದರೆ, ಅದು ಹುಲಿಗೆವ್ವ ಮಾಡಿದ್ದು. ಊರಿನ ಮಾತು ನನಗೆ ಹೇಗೂ ಕೇಳುವುದಿಲ್ಲ. ಆದರೆ ನೀವು? ಅಂಥ ದಿನ ಬಂದರೆ ನೀವೂ ನನ್ನ ಕಡೆ ಬೆರಳು ಮಾಡುತ್ತೀರಾ? ನಿಮ್ಮ ಕೈಯಾರೆ ಬರೆದು ತಿಳಿಸಿ. ಅಲ್ಲಿಯ ತನಕ ಹಾರೆ ಬಾಗಿಲ ಹಿಂದೆ ಇರುತ್ತದೆ.

ಹುಲಿಗೆವ್ವ


ಹೊರ್ತಿ
೩೦ ಏಪ್ರಿಲ್ ೨೦೨೪

ಹುಲಿಗೆವ್ವನವರೇ,

ಆ ಅಂಜಿಕೆ ನನಗಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಗ ಅನಿಲಕುಮಾರ ಹೊಟ್ಟೆಯಲ್ಲಿದ್ದಾಗ ಗೋಡೆಗೆ ಒಂದು ಮೊಳೆ ಹೊಡೆಯಲು ಬಿಟ್ಟವಳಲ್ಲ ನಾನು. ನಿಮ್ಮ ಪತ್ರ ಓದಿ ಎರಡು ದಿನ ಅನ್ನ ಸೇರಲಿಲ್ಲ. ನನ್ನ ಮಾತಿಗೆ ನೀವು ಮನೆ ಬಿಚ್ಚಿ, ನನ್ನ ಮೊಮ್ಮಗುವಿಗೆ ಏನಾದರೂ ಆದರೆ ನಾನು ಎಲ್ಲಿಗೆ ಹೋಗಲಿ ಎಂದು ನಾನೂ ಕೂತು ನೋಡಿದೆ.

ಆದರೂ ಇಳಿಸಿ ಎನ್ನುತ್ತೇನೆ. ಕೂಸಿಗೆ ಏನಾದರೂ ಆದರೆ ಅದು ಗುರುಬಾಯಿ ಮಾಡಿಸಿದ್ದು. ಇದನ್ನು ಒಲೆಗೆ ಹಾಕಬೇಡಿ, ಇಟ್ಟುಕೊಳ್ಳಿ. ಭೀಮುವಿಗೆ ತೋರಿಸಿ, ಓಣಿಗೆಲ್ಲ ಓದಿ ಹೇಳಿಸಿ. ನಿಮ್ಮ ಕಡೆ ನಾನು ಬೆರಳು ಮಾಡಿದರೆ ಆ ಬೆರಳಿಗೆ ಹುಳ ಬೀಳಲಿ.

ಇಳಿಸುವ ತನಕ ಸೌಂದರ್ಯಾ ಇಲ್ಲೇ ಇರಲಿ, ಅವಳ ಕಣ್ಣಿಗೆ ಬೀಳುವುದು ಬೇಡ. ಆಮೇಲೆ ನಾನೇ ಕರೆತಂದು ಬಿಡುತ್ತೇನೆ. ಬಾಣಂತನ ನಿಮ್ಮದು. ನನ್ನ ಅಂಜಿಕೆಗೆ ಹೆದರಿ ಅದನ್ನು ನಿಮ್ಮಿಂದ ಕಸಿಯಲು ನೋಡಿದೆ, ಅದು ಸರಿಯಲ್ಲ.

ಗುರುಬಾಯಿ


ಬಸವನ ಬಾಗೇವಾಡಿ
೨೦ ಜೂನ್ ೨೦೨೪

ಗುರುಬಾಯಿಯವರಿಗೆ,

ವಿಜಯಪುರದ ದವಾಖಾನೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಷ್ಟು ದಿನವೂ ನಾವಿಬ್ಬರು ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಆದರೂ ಅಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ನಿನ್ನೆ ಮನೆಗೆ ಬಂದೆವು. ಮೊಮ್ಮಗಳು ಹಾಲು ಎಳೆಯುತ್ತಾಳೆ. ಸಣ್ಣಗಿದ್ದಾಳೆ, ಆದರೆ ಮುಷ್ಟಿ ಬಿಗಿ.

ಮಣ್ಣು ಇಳಿಸಿದ ದಿನದ್ದು ನಿಮಗೆ ಹೇಳಿರಲಿಲ್ಲ. ಏರಿಸುವಾಗ ಓಣಿಯೆಲ್ಲ ಬಂದಿತ್ತು. ಇಳಿಸುವಾಗ ಯಾರೂ ಬರಲಿಲ್ಲ. ಹಾಜಿಮಲಂಗ ಮೇಲೆ, ಅವನ ಹೆಂಡತಿ ಗ್ಯಾರಂಟಿಯಾಗಿ ಕೆಟ್ಟದಾಗುತ್ತದೆಂದು ಅಳುತ್ತಲೇ ನಿಚ್ಚಣಿಕೆಯ ಮೇಲೆ, ನಾನು ಕೆಳಗೆ. ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ಯಜಮಾನರ ಪದರ ಬಂದಾಗ ಒಂದು ಬುಟ್ಟಿ ತಲೆಯ ಮೇಲೆ ಹೊತ್ತು ನಿಂತೆ, ಇಳಿಸಲು ಮನಸ್ಸಾಗಲಿಲ್ಲ. ಆಮೇಲೆ ಇಳಿಸಿದೆ. ಆ ಮಣ್ಣನ್ನು ದೂರ ಹಾಕಲಿಲ್ಲ. ಬಾಗಿಲ ಪಕ್ಕ ಸುರಿದು, ನೀರು ಹಾಕಿ ತುಳಿದು, ಕಟ್ಟೆ ಮಾಡಿಸಿದ್ದೇನೆ.

ನೀವು ಮಗಳನ್ನು ಬಿಡಲು ಬಂದಾಗ ಮೇಲೆ ನೋಡಿದಿರಿ. ಜಂತಿ, ಹಲಗೆ, ಅದರ ಮೇಲೆ ತಗಡು. ಆದರೂ ನಿಂತೇ ನೀರು ಕುಡಿದು ಹೋದಿರಿ.

ಆಮೇಲೆ ಹೆರಿಗೆ ದಿನಕ್ಕೆ ಮುಂಚೆಯೇ ಆಯಿತು. ಕೂಸು ಅಳಲಿಲ್ಲ ಎಂದು ಡಾಕ್ಟರ್ ಓಡಾಡಿದಾಗ, ಹಾರೆ ನನ್ನ ಕೈಯಲ್ಲೇ ಇದ್ದ ಹಾಗೆ ಅನ್ನಿಸಿತು. ಊರಿನಲ್ಲಿ ಏನಂದರು ಎಂಬುದು ನನಗೆ ಮೋರೆ ನೋಡಿದರೆ ತಿಳಿಯುತ್ತದೆ. ಸೌಂದರ್ಯಾಳ ಕಿವಿಗೂ ಬಿದ್ದಿದೆ. ನಿನ್ನೆ ಪಾಟಿಯ ಮೇಲೆ ಬರೆದು ಕೇಳಿದಳು: “ಅವ್ವಾ, ನೀ ಯಾಕ ಹಂಗ ಮಾಡಿದಿ?” ನಾನು ಪಾಟಿ ಒರೆಸಿ ಕೂಸನ್ನು ಎತ್ತಿಕೊಂಡೆ.

ಮಳೆ ಹಿಡಿದಿದೆ. ತಗಡಿನ ಸಂದಿಯಿಂದ ಸೋರುತ್ತದೆ. ತೊಟ್ಟಿಲನ್ನು ದಿನಕ್ಕೊಂದು ಕಡೆ ಕಟ್ಟುತ್ತೇವೆ. ನಾನು ಎಂದೂ ಬೀಳಬಾರದು ಎಂದ ಹನಿ ಕೂಸಿನ ಹಣೆಯ ಮೇಲೆ ಬಿತ್ತು, ನಾನೇ ಸೆರಗಿನಿಂದ ಒರೆಸಿದೆ. ಇನ್ನು ನೆಲ. ಮಣ್ಣು ಇಳಿಸಿದ ಮೇಲೆ ಒಂದು ಸಲವೂ ಗುಡುಗಿಲ್ಲ. ಭೀಮು ನಗುತ್ತಾನೆ: “ಭೂಮವ್ವಗ ನೋಟೀಸ್ ಕೊಟ್ಟ ಬಂದೀಯೇನ ವೈನಿ?” ಏನೂ ಆಗದ್ದಕ್ಕೆ ಇಷ್ಟೆಲ್ಲ ಮಾಡಿದೆವೇ?

ಕೂಸಿಗೆ ಕಸ್ತೂರಿ ಎಂದು ಹೆಸರಿಡೋಣ ಎಂದುಕೊಂಡಿದ್ದೇನೆ. ಸೌಂದರ್ಯಾಳಿಗೆ ಕಾರಣ ಹೇಳಿಲ್ಲ.

ಹುಲಿಗೆವ್ವ


ಹೊರ್ತಿ
೨೬ ಜೂನ್ ೨೦೨೪

ಹುಲಿಗೆವ್ವನವರೇ,

ಸೌಂದರ್ಯಾಳಿಗೆ ನಾನೇ ಫೋನು ಮಾಡಿ ಎಲ್ಲ ಹೇಳಿದ್ದೇನೆ. ಕಸ್ತೂರಿಯದ್ದನ್ನೂ ಹೇಳಿದೆ. ಆಮೇಲೆ “ಅತ್ತೀ, ಅದಕ್ಕ ನೀವು ನನ್ನ ರಟ್ಟಿ ಅಷ್ಟ ಬಿಗಿ ಹಿಡಿದಿದ್ರಿ” ಎಂದಳು. ಇನ್ನು ಓಣಿಯವರಿಗೆ. ನನ್ನ ಪತ್ರ ನಿಮ್ಮಲ್ಲಿದೆಯಲ್ಲ, ಅದನ್ನು ಯಾಕೆ ತೋರಿಸಲಿಲ್ಲ? ಬೈಗುಳವನ್ನೆಲ್ಲ ನೀವೊಬ್ಬರೇ ಇಟ್ಟುಕೊಂಡಿರಿ. ನನ್ನ ಪಾಲು ನನಗೆ ಕೊಡಿ.

ಏನೂ ಆಗದ್ದಕ್ಕೆ ಇಷ್ಟೆಲ್ಲ ಮಾಡಿದೆವೇ ಎಂದು ಕೇಳಿದ್ದೀರಿ. ಹೌದು. ಏನೂ ಆಗಬಾರದೆಂದೇ ಮಾಡಿದ್ದು. ನಾಳೆ ನೆಲ ಅಲುಗದಿದ್ದರೆ ಜನ ಇನ್ನೂ ನಗುತ್ತಾರೆ. ನಗಲಿ. ನನ್ನ ಅಪ್ಪನನ್ನು ನೋಡಿ ಯಾರೂ ನಗಲಿಲ್ಲ, ಎಲ್ಲರೂ ಅತ್ತರು. ನನಗೆ ಈ ನಗುವೇ ಇರಲಿ.

ಕಸ್ತೂರಿ ಎಂಬ ಹೆಸರು ಬೇಡ. ನಿಮ್ಮ ಮನಸ್ಸು ದೊಡ್ಡದು, ಆದರೆ ಆ ಹೆಸರು ಕೂಗಿದರೆ ಓಗೊಡುತ್ತಿದ್ದವಳು ಒಬ್ಬಳೇ. ಕೂಸಿಗೆ ಅವಳದೇ ಒಂದು ಹೊಸ ಹೆಸರು ಇರಲಿ. ಅವಳ ಅವ್ವ ಆರಿಸಲಿ.

ಗುರುಬಾಯಿ


ಬಸವನ ಬಾಗೇವಾಡಿ
೩೦ ಜುಲೈ ೨೦೨೪

ಗುರುಬಾಯಿ ಅಕ್ಕನವರಿಗೆ,

ಪಂಚಮಿ ಹತ್ತಿರ ಬಂತು. ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವ ಹಬ್ಬ. ನೀವು ಇಷ್ಟು ವರ್ಷ ಪಂಚಮಿಗೆ ಎಲ್ಲಿಗೂ ಹೋಗುವುದಿಲ್ಲವಂತೆ, ಬಾಗಿಲು ಹಾಕಿಕೊಂಡು ತೋಟದಲ್ಲಿ ನಿಂಬೆ ಆರಿಸುತ್ತಾ ಇರುತ್ತೀರಂತೆ. ಅಳಿಯಂದಿರು ಹೇಳಿದರು.

ಈ ಸಲ ಇಲ್ಲಿಗೆ ಬನ್ನಿ. ಬೀಗತಿಯಾಗಿ ಬರಬೇಡಿ. ನಿಮಗೆ ಸೀರೆ ತಂದಿದ್ದೇನೆ, ಅಳ್ಳಿನುಂಡೆ ಕಟ್ಟುತ್ತಿದ್ದೇನೆ, ಬೇವಿನ ಮರಕ್ಕೆ ಜೋಕಾಲಿ ಹಾಕಿಸಿದ್ದೇನೆ. ತಗಡಿನ ಸಂದಿಗೆ ಡಾಂಬರು ಬಡಿಸಿದ್ದೇನೆ, ಈಗ ಅಷ್ಟು ಸೋರುವುದಿಲ್ಲ. ಭೀಮು ಈ ವರ್ಷ ತನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿಸಲಿಲ್ಲ. ಯಾಕೆಂದು ಕೇಳಿದರೆ ಒಳ್ಳೆಯ ಮಣ್ಣು ಸಿಗಲಿಲ್ಲ ಎಂದ.

ಒಳಗೆ ಕೂಡಲು ಮನಸ್ಸಾಗದಿದ್ದರೆ ಕಟ್ಟೆ ಇದೆ.

ನಿಮ್ಮ
ಹುಲಿಗೆವ್ವ


ಹೊರ್ತಿ
೧೬ ಆಗಸ್ಟ್ ೨೦೨೪

ತಂಗಿ ಹುಲಿಗೆವ್ವಳಿಗೆ,

ತಂಗಿ ಎಂಬ ಈ ಅಕ್ಷರ ಬರೆದು ಎಷ್ಟೋ ವರ್ಷವಾಗಿತ್ತು. ಬರೆದು ಸ್ವಲ್ಪ ಹೊತ್ತು ನೋಡುತ್ತಾ ಕೂತೆ.

ಸುಖವಾಗಿ ಬಂದು ಮುಟ್ಟಿದೆ. ನಿನ್ನ ಸೀರೆಯನ್ನು ಓಣಿಯವರೆಲ್ಲ ಬಂದು ನೋಡಿದರು. ಯಾರು ಕೊಟ್ಟರು ಎಂದರೆ, ತವರಿನಲ್ಲಿ ಉಡಿಸಿದರು ಎಂದೆ. ನಿನಗೆ ತವರು ಯಾವಾಗ ಬಂತು ಎಂದು ಕೇಳಿದರು. ನಾನು ಸೆರಗಿನ ಅಂಚು ಬಿಚ್ಚಿ ತೋರಿಸಿದೆ.

ಆ ದಿನ ಅಲ್ಲಿ ನಿನಗೆ ಹೇಳಲಾಗಲಿಲ್ಲ. ಪಾಟಿಯ ಮೇಲೆ ಬರೆಯಲು ಕೈ ಏಳಲಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಉಣ್ಣಲು ಕೂತಿದ್ದೆವು. ಕೂಸು ನನ್ನ ತೊಡೆಯ ಮೇಲೆ ಇತ್ತು. ಮೊದಲ ತುತ್ತು ಬಾಯಿಗೆ ಇಡುವಷ್ಟರಲ್ಲಿ ನೆಲ ಗುಡುಗಿತು. ಇಷ್ಟು ದಿನ ಸುಮ್ಮನಿದ್ದದ್ದು ನಾನು ಬರಲೆಂದೇ ಕಾದಿತ್ತೇನೋ. ತಗಡು ಝಲ್ ಎಂದಿತು. ಮೇಲೆ ಮಣ್ಣಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ಕಾಲು ಎದ್ದವು. ಕೂಸನ್ನು ಎದೆಗೆ ಅವುಚಿಕೊಂಡು ನಾನು ಬಾಗಿಲು ದಾಟಿದ್ದೆ. ಹೊರಗೆ ನಿಂತ ಮೇಲೆ ಮತ್ತೆ ಅದೇ ನಾಚಿಕೆ. ಹಬ್ಬದ ದಿನ, ಮತ್ತೆ ನಿನ್ನ ತಾಟು ಬಿಟ್ಟು ಎದ್ದೆನಲ್ಲ ಎಂದು.

ತಿರುಗಿ ನೋಡಿದರೆ ನೀನು ಬರುತ್ತಿದ್ದೆ. ನಿನಗೆ ಏನೂ ಕೇಳಿರಲಿಲ್ಲ. ನನ್ನ ಮೋರೆ ನೋಡಿದ್ದೆ, ಅಷ್ಟೇ. ಒಂದು ಕೈಯಲ್ಲಿ ನನ್ನ ತಾಟು, ಒಂದು ಕೈಯಲ್ಲಿ ನಿನ್ನ ತಾಟು. ನಿನ್ನ ಹಿಂದೆ ಸೌಂದರ್ಯಾ ನೀರಿನ ತಂಬಿಗೆ ಹಿಡಿದು ಬಂದಳು. ನೀನು ತಾಟುಗಳನ್ನು ಕಟ್ಟೆಯ ಮೇಲೆ ಇಟ್ಟು, ನನ್ನ ಕೈ ಹಿಡಿದು ಕೂಡಿಸಿ, “ಉಣ್ಣ್ ಬಾರವ್ವಾ, ಅನ್ನ ಆರತೈತಿ” ಎಂದೆ. ನಿನ್ನ ದನಿ ಎಷ್ಟು ಜೋರೆಂದು ನಿನಗೆ ತಿಳಿಯದು. ಓಣಿಯೆಲ್ಲ ಹೊರಗೆ ಬಂದು ನೋಡಿತು. ಭೀಮುವೂ ಎಂಜಲುಗೈಯಲ್ಲಿ ಹೊಸ್ತಿಲ ಹೊರಗೆ ನಿಂತಿದ್ದ. ಯಾರೂ ನಗಲಿಲ್ಲ. ನಕ್ಕಿದ್ದರೂ ನಾವಿಬ್ಬರೂ ಉಣ್ಣುತ್ತಿದ್ದೆವು.

ಊಟವಾದ ಮೇಲೆ ನೀನು ಒಳಗೆ ಹೋಗಿ ಪಡಸಾಲೆಯಲ್ಲಿ ಚಾಪೆ ಹಾಸಿದೆ. ನಾನು ಬಾಗಿಲಲ್ಲಿ ನಿಂತು ಮೇಲೆ ನೋಡಿದೆ. ಆಮೇಲೆ ಬಂದು ಕೂಸಿನ ಪಕ್ಕ ಅಡ್ಡಾದೆ. ಸುಮ್ಮನೆ ಬೆನ್ನು ಚಾಚಿ ಏಳುತ್ತೇನೆ ಅಂದುಕೊಂಡಿದ್ದೆ. ಎಚ್ಚರಾದಾಗ ದೀಪ ಹಚ್ಚಿದ್ದಿರಿ. ಬೇರೆಯವರ ಸೂರಿನ ಕೆಳಗೆ ನನಗೆ ನಿದ್ದೆ ಬಂದಿತ್ತು, ತಂಗಿ.

ಬಸ್ಸಿಗೆ ಹೋಗುವಾಗ ಅನಿಲ ನನ್ನ ಕಾಲು ನೋಡಿ ಕೇಳಿದ: “ಎವ್ವಾ, ಚಪ್ಪಲಿ ಎಲ್ಲಿ?” ಅವು ನಿನ್ನ ಬಾಗಿಲಲ್ಲಿ, ಕಟ್ಟೆಯ ಕೆಳಗೆ ಇವೆ. ಈ ಸಲ ಮರೆತು ಬಂದಿಲ್ಲ. ಕಳಿಸಬೇಡ, ಅಲ್ಲೇ ಇರಲಿ.

ನಿನ್ನ ಅಕ್ಕ
ಗುರುಬಾಯಿ